ಇಪ್ಪತ್ತು ಗಂಟೆಯ ಮೂಕ ಹಾಡು

1972ರ ಜನವರಿ 13, ಗುರುವಾರ. ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ವಾಟ್ಸ್ ಭಾಗದ ನ್ಯೂ ಟೆಂಪಲ್ ಮಿಷನರಿ ಬ್ಯಾಪ್ಟಿಸ್ಟ್ ಚರ್ಚು. ಚರ್ಚಾಗುವುದಕ್ಕೆ ಮೊದಲು ಆ ಕಟ್ಟಡ ಒಂದು ಸಿನಿಮಾ ಟಾಕೀಸಾಗಿತ್ತು. ಬೆಳ್ಳಿ ಬಣ್ಣದ ಮೇಲಂಗಿ ತೊಟ್ಟ ಗಾಯಕ ವೃಂದ ಸಾಲಾಗಿ ಬಂದು ಕೂತಿತು. ಪಾದ್ರಿ ಜೇಮ್ಸ್ ಕ್ಲೀವ್‌ಲ್ಯಾಂಡ್ ಮೈಕು ಹಿಡಿದು ನೆರೆದವರಿಗೆ ಒಂದು ಮಾತು ಹೇಳಿದರು: ಇಲ್ಲಿ ಧ್ವನಿಮುದ್ರಣ ನಡೆಯುತ್ತಿದೆ ನಿಜ, ಆದರೆ ಇದು ಆರಾಧನೆ ಎಂಬುದನ್ನು ಮರೆಯಬೇಡಿ. ಆಮೇಲೆ ಗಾಯಕಿ ಅರೀಥಾ ಫ್ರಾಂಕ್ಲಿನ್ ನಡುದಾರಿಯಲ್ಲಿ ನಡೆದು ಬಂದು ಪಿಯಾನೋ ಮುಂದೆ ಕೂತರು.

ಕಟ್ಟಡದ ಹೊರಗೆ ಒಂದು ಟ್ರಕ್ಕು ನಿಂತಿತ್ತು. ವಾಲಿ ಹೈಡರ್ ಎಂಬ ಹೆಸರಾಂತ ಧ್ವನಿತಜ್ಞನ ಸಂಚಾರಿ ಸ್ಟುಡಿಯೋ ಅದು. ಒಳಗಿನ ಮೈಕುಗಳ ತಂತಿಗಳೆಲ್ಲ ಅಲ್ಲಿಗೆ ಹೋಗಿ ಸೇರುತ್ತಿದ್ದವು, ಅಗಲವಾದ ಟೇಪಿನ ಮೇಲೆ ಹಾಡು ನಿಲ್ಲದೆ ದಾಖಲಾಗುತ್ತಿತ್ತು. ಒಳಗೆ ಹಲವು 16 ಮಿಲಿಮೀಟರ್ ಕ್ಯಾಮೆರಾಗಳು ಓಡಾಡುತ್ತಿದ್ದವು. ಒಬ್ಬ ಛಾಯಾಗ್ರಾಹಕ ನೆಲದ ಮೇಲೆ ಕೂತಿದ್ದ, ಇನ್ನೊಬ್ಬ ಗೋಡೆಗೊರಗಿದ್ದ, ಮತ್ತೊಬ್ಬ ಜನರ ನಡುವೆ ನುಗ್ಗುತ್ತಿದ್ದ. ಬೇಕೆನಿಸಿದಾಗ ಕ್ಯಾಮೆರಾ ಶುರು, ಸಾಕೆನಿಸಿದಾಗ ನಿಲ್ಲಿಸು, ಸುರುಳಿ ಮುಗಿದರೆ ಹೊಸದು ಹಾಕು. ಇವರೆಲ್ಲರಿಗೂ ಕೈಸನ್ನೆ ಮಾಡುತ್ತ ಓಡಾಡುತ್ತಿದ್ದವರು ನಿರ್ದೇಶಕ ಸಿಡ್ನಿ ಪೊಲಾಕ್. ಎರಡು ರಾತ್ರಿಗಳ ಕೆಲಸ ಮುಗಿದಾಗ ಅವರ ಬಳಿ ಸುಮಾರು 20 ಗಂಟೆಯಷ್ಟು ಚಿತ್ರ ಇತ್ತು, ಟ್ರಕ್ಕಿನಲ್ಲಿ ಅದ್ಭುತವಾದ ಧ್ವನಿ ಇತ್ತು. ಒಂದನ್ನು ಇನ್ನೊಂದಕ್ಕೆ ಕೂಡಿಸುವ ಗುರುತು ಮಾತ್ರ ಇರಲಿಲ್ಲ. ಆ ಸಿನಿಮಾ ತೆರೆಗೆ ಬಂದದ್ದು 46 ವರ್ಷಗಳ ನಂತರ.

ಸಿನಿಮಾದವರ ನಡುವೆ ಈ ಕಥೆ ನೀತಿಕಥೆಯಂತೆ ಚಾಲ್ತಿಯಲ್ಲಿದೆ. ಕ್ಲ್ಯಾಪ್ ಹೊಡೆಯಲು ಮರೆತರು, ಅರ್ಧ ಶತಮಾನ ಕಳೆದುಕೊಂಡರು, ಅಷ್ಟೇ. ಆದರೆ ಅದು ಅಷ್ಟೇ ಅಲ್ಲ. ಆ ಎರಡು ರಾತ್ರಿಗಳಲ್ಲಿ ತಪ್ಪಿಹೋದ ಕೊಂಡಿಗಳು ಒಂದಕ್ಕಿಂತ ಹೆಚ್ಚು, ಮತ್ತು ಯಂತ್ರದ ಕೊಂಡಿಯೇ ಅವುಗಳಲ್ಲಿ ಸುಲಭದ್ದು.

ಮೊದಲು ಯಂತ್ರದ ಮಾತು. ಫಿಲ್ಮಿನ ಕ್ಯಾಮೆರಾ ಸಾಮಾನ್ಯವಾಗಿ ಧ್ವನಿಯನ್ನು ಹಿಡಿಯುತ್ತಿರಲಿಲ್ಲ. ಫಿಲ್ಮಿನ ಕಾಲದಲ್ಲಿ ಚಿತ್ರಕ್ಕೊಂದು ಯಂತ್ರ, ಧ್ವನಿಗೊಂದು ಯಂತ್ರ ಎಂಬುದೇ ನಿಯಮವಾಗಿತ್ತು. ಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಬಾಯಿ ತೆರೆದ ಚೌಕಟ್ಟಿಗೆ ಸರಿಯಾಗಿ ಅದರದ್ದೇ ಸ್ವರ ಕೂಡಬೇಕು. ಇದಕ್ಕೆ ಸಿನಿಮಾದವರು ಸಿಂಕ್ ಎನ್ನುತ್ತಾರೆ. ಒಂದೆರಡು ಚೌಕಟ್ಟು ಆಚೀಚೆಯಾದರೆ ಸಂಕಲನಕಾರನ ಕಣ್ಣಿಗೆ ತಿಳಿಯುತ್ತದೆ. ಮೂರು ನಾಲ್ಕಾದರೆ ಟಿಕೆಟ್ ಕೊಂಡು ಕೂತವರಿಗೂ ಎಲ್ಲೋ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ, ಏನೆಂದು ಹೇಳಲು ಬಾರದಿದ್ದರೂ. ಇದರಲ್ಲೊಂದು ಸ್ವಾರಸ್ಯವಿದೆ. ಧ್ವನಿ ತುಸು ತಡವಾದರೆ ಮನಸ್ಸು ಕ್ಷಮಿಸುತ್ತದೆ, ಮುಂಚಿತವಾಗಿ ಬಂದರೆ ಕ್ಷಮಿಸುವುದಿಲ್ಲ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದರೆ ಕಾರಣ ಹೊಳೆಯುತ್ತದೆ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ತಲುಪುತ್ತದೆ. ಹುಟ್ಟಿದಂದಿನಿಂದ ನಮ್ಮ ಕಣ್ಣು ಕಿವಿಗಳಿಗೆ ಆ ಕ್ರಮವೇ ರೂಢಿ. ಸದ್ದು ಮೊದಲು ಕೇಳಿ ಬಡಿತ ಆಮೇಲೆ ಕಾಣುವುದು ಪ್ರಕೃತಿಯಲ್ಲಿ ಇಲ್ಲವೇ ಇಲ್ಲ.

ಕ್ಲ್ಯಾಪ್ ಹಲಗೆಯ ಕೆಲಸ ಇದಕ್ಕೇ. ಎರಡು ಪಟ್ಟಿಗಳು ಕೂಡುವ ಚೌಕಟ್ಟು ಚಿತ್ರದಲ್ಲಿ ಕಾಣುತ್ತದೆ, ಟಪ್ಪೆನ್ನುವ ಸದ್ದು ಟೇಪಿನಲ್ಲಿ ಕೇಳುತ್ತದೆ. ಫಿಲ್ಮಿನ ಕಾಲದಲ್ಲಿ ಸಂಕಲನದ ಮೇಜಿನ ಮೇಲೆ ಸಹಾಯಕ ಮೇಣದ ಪೆನ್ಸಿಲಿನಿಂದ ಚಿತ್ರದ ಆ ಚೌಕಟ್ಟಿನ ಮೇಲೊಂದು ಗುರುತು ಹಾಕುತ್ತಿದ್ದ. ಧ್ವನಿಯನ್ನು ಮೊದಲೇ ಟೇಪಿನಿಂದ ರಂಧ್ರಗಳಿರುವ ಕಾಂತೀಯ ಫಿಲ್ಮಿಗೆ ಇಳಿಸಿಕೊಂಡಿರುತ್ತಿದ್ದರು, ಅದರಲ್ಲಿ ಸದ್ದು ಶುರುವಾಗುವ ಜಾಗದಲ್ಲೂ ಒಂದು ಗುರುತು. ಎರಡನ್ನೂ ಒಟ್ಟಿಗೆ ತಿರುಗುವ ಹಲ್ಲಿನ ಚಕ್ರಗಳಿಗೆ ಎದುರುಬದುರಾಗಿ ಹಾಕಿ ತಿರುಗಿಸಿದರೆ ಮುಗಿಯಿತು. ಇಡೀ ಶಾಟಿನಲ್ಲಿ ಧ್ವನಿ ತುಟಿಗೆ ಕೂಡಿರುತ್ತಿತ್ತು. ಶುರುವಿನಲ್ಲಿ ಹೊಡೆಯಲಾಗದಿದ್ದರೆ ಕೊನೆಯಲ್ಲಿ ಹಲಗೆಯನ್ನು ತಲೆಕೆಳಗಾಗಿ ಹಿಡಿದು ಹೊಡೆಯುವುದೂ ಉಂಟು. ಹೊಡೆತದ ಸದ್ದಿಗೇ ಈ ಗೌರವ ಯಾಕೆಂದರೆ ಅದಕ್ಕೆ ಚೂಪಾದ ಆರಂಭವಿದೆ. ಅದು ಒಂದೇ ಚೌಕಟ್ಟಿನಲ್ಲಿ ಹುಟ್ಟುತ್ತದೆ. ಗಾಯನದ ಸ್ವರಕ್ಕೆ ಅಂಥ ಅಂಚಿಲ್ಲ.

ನಮ್ಮ ಕನ್ನಡ ಸಿನಿಮಾಗಳ ಮುಹೂರ್ತದಲ್ಲಿ ಗಣ್ಯರೊಬ್ಬರು ಕ್ಲ್ಯಾಪ್ ಮಾಡುತ್ತಾರೆ, ಇನ್ನೊಬ್ಬರು ಕ್ಯಾಮೆರಾ ಚಾಲನೆ ಮಾಡುತ್ತಾರೆ, ಮರುದಿನದ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ದಶಕಗಳ ಕಾಲ ಆ ಟಪ್ಪೆನ್ನುವ ಸದ್ದಿಗೆ ನಮ್ಮಲ್ಲಿ ಪೂಜೆಯಷ್ಟು ಕೆಲಸ ಇರಲಿಲ್ಲ. ಗರಗರ ಸದ್ದು ಮಾಡುವ ಕ್ಯಾಮೆರಾದಲ್ಲಿ ಚಿತ್ರೀಕರಣ ಮುಗಿಸಿ, ಮಾತುಗಳನ್ನೆಲ್ಲ ಆಮೇಲೆ ಡಬ್ಬಿಂಗ್ ಥಿಯೇಟರಿನಲ್ಲಿ ಹೊಸದಾಗಿ ಹೇಳಿಸುತ್ತಿದ್ದೆವು. ಹಾಡಿನ ಚಿತ್ರೀಕರಣದಲ್ಲಂತೂ ಮೊದಲೇ ಮುದ್ರಿಸಿದ ಹಾಡಿಗೆ ನಟ ತುಟಿಯಾಡಿಸುತ್ತಿದ್ದ. ಅಂದರೆ ಚಿತ್ರವೇ ಧ್ವನಿಯನ್ನು ಹಿಂಬಾಲಿಸುತ್ತಿತ್ತು. ಅರೀಥಾ ಹಾಡಿದ ಚರ್ಚಿನಲ್ಲಿ ಈ ಯಾವ ಅನುಕೂಲವೂ ಇರಲಿಲ್ಲ. ಅಲ್ಲಿ ಆದದ್ದು ಒಮ್ಮೆ ಮಾತ್ರ ಆಗುವಂಥದ್ದು.

ಚಿತ್ರಕ್ಕೆ ಧ್ವನಿ ಕೂಡಿಸುವ ಆಸೆ ಸಿನಿಮಾದಷ್ಟೇ ಹಳೆಯದು. 1894-95ರ ಹೊತ್ತಿಗೆ ನ್ಯೂಜೆರ್ಸಿಯ ಎಡಿಸನ್ ಸ್ಟುಡಿಯೋದಲ್ಲಿ ಡಬ್ಲ್ಯು.ಕೆ.ಎಲ್. ಡಿಕ್ಸನ್ ಎಂಬ ತಂತ್ರಜ್ಞ ದೊಡ್ಡ ಕಹಳೆಯೊಂದರ ಮುಂದೆ ನಿಂತು ಪಿಟೀಲು ನುಡಿಸಿದ. ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದರು. ಚಿತ್ರ ಉಳಿದುಕೊಂಡಿರುವುದು ಕೇವಲ 17 ಸೆಕೆಂಡು. ಧ್ವನಿ ಮುದ್ರಿಸಿಕೊಂಡ ಮೇಣದ ಉರುಳೆ ಬೇರೆಯಾಗಿ, ಒಡೆದು, ಎಲ್ಲೋ ಬಿದ್ದಿತ್ತು. ಅದನ್ನು 1998ರಲ್ಲಿ ಜೋಡಿಸಿ ನುಡಿಸಿದಾಗ ಎರಡು ನಿಮಿಷದಷ್ಟು ಧ್ವನಿ ಸಿಕ್ಕಿತು. ಶುರುವಿನಲ್ಲಿ ಯಾರೋ ಉಳಿದವರನ್ನೆಲ್ಲ ಸಿದ್ಧರಿದ್ದೀರಾ ಎಂದು ಕೇಳಿ ನಡೆಯಲಿ ಎನ್ನುತ್ತಾರೆ, ಆಮೇಲೆ ಪಿಟೀಲು. ಎರಡು ನಿಮಿಷದ ವಾದನದಲ್ಲಿ ಆ 17 ಸೆಕೆಂಡು ಯಾವುದು? ಈ ಪ್ರಶ್ನೆ 2000ದಲ್ಲಿ ವಾಲ್ಟರ್ ಮರ್ಚ್ ಕೈಗೆ ಬಂತು. 'ಅಪೋಕಲಿಪ್ಸ್ ನೌ' ಚಿತ್ರದ ಧ್ವನಿಗೆ ಆಸ್ಕರ್ ಪಡೆದ ಮರ್ಚ್ ಸಂಕಲನದಲ್ಲೂ ಪಳಗಿದ ಕೈ. ಡಿಕ್ಸನ್‌ನ ಚಿತ್ರ ಇವತ್ತಿನ 24ರ ವೇಗದಲ್ಲಿ ತೆಗೆದದ್ದಲ್ಲ, ಸೆಕೆಂಡಿಗೆ ಸುಮಾರು 40 ಚೌಕಟ್ಟಿನ ವೇಗದ್ದು. ಮರ್ಚ್ ಅದನ್ನು ಕಂಪ್ಯೂಟರಿಗೆ ಏರಿಸಿ, ವೇಗ ಸರಿಪಡಿಸಿ, ಪಿಟೀಲಿನ ಕಮಾನು ದಿಕ್ಕು ಬದಲಿಸುವ ಕ್ಷಣಗಳನ್ನು ಸ್ವರದ ಜೊತೆ ಹೋಲಿಸುತ್ತ ಜಾಗ ಹುಡುಕಿದರು. ಕೂಡಿತು. ನೂರಕ್ಕೂ ಮಿಕ್ಕಿ ವರ್ಷ ದೂರವಾಗಿದ್ದ ಪಿಟೀಲೂ ಕಮಾನೂ ಸೇರಿದವು. ಕ್ಲ್ಯಾಪ್ ಇಲ್ಲದ ಚಿತ್ರವನ್ನು ಕೂಡಿಸಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಸಿಗಲಾರದು. ಆದರೆ ಅದು ಒಂದೇ ಶಾಟು, 17 ಸೆಕೆಂಡು.

ನಡುವಿನ ಇತಿಹಾಸವನ್ನು ಬೇಗ ದಾಟಿಬಿಡಬಹುದು. 1926-27ರಲ್ಲಿ ವಾರ್ನರ್ ಸೋದರರು ವೈಟಾಫೋನ್ ತಂದಾಗ ಧ್ವನಿ 16 ಇಂಚಿನ ತಟ್ಟೆಯಲ್ಲಿತ್ತು. ತಟ್ಟೆಯ ಮೇಲಿನ ಬಾಣದ ಗುರುತಿಗೆ ಮುಳ್ಳಿಟ್ಟು, ಫಿಲ್ಮಿನ ಆರಂಭದ ಚೌಕಟ್ಟನ್ನು ಕಿಂಡಿಗೆ ಹೊಂದಿಸಿ, ಎರಡನ್ನೂ ಒಂದೇ ಮೋಟಾರಿನಿಂದ ತಿರುಗಿಸಬೇಕಿತ್ತು. ಫಿಲ್ಮು ಹರಿದರೆ ಹೋದಷ್ಟೇ ಚೌಕಟ್ಟಿನ ಕಪ್ಪು ಫಿಲ್ಮು ಸೇರಿಸದೆ ವಿಧಿಯಿರಲಿಲ್ಲ. ಇಲ್ಲದಿದ್ದರೆ ಉಳಿದ ರೀಲು ಪೂರ್ತಿ ನಾಯಕಿಯ ಮಾತು ಖಳನ ಬಾಯಲ್ಲಿ ಬರುವ ಸಾಧ್ಯತೆ. ಧ್ವನಿಯನ್ನು ಫಿಲ್ಮಿನ ಅಂಚಿನಲ್ಲೇ ಮುದ್ರಿಸುವ ಪದ್ಧತಿ ಬಂದ ಮೇಲೆ ಟಾಕೀಸಿನಲ್ಲಿ ಆ ಕಾಟ ತಪ್ಪಿತು. ಕೂಡಿಸುವ ತಲೆನೋವು ಸಂಕಲನದ ಕೋಣೆಗೆ ವರ್ಗವಾಯಿತು. ಬರೆಯುವ ಹಲಗೆಗೆ ಬಡಿಯುವ ಪಟ್ಟಿ ಜೋಡಿಸಿದ್ದು 1930ರ ದಶಕದ ಆರಂಭದಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನಿನ ಎಫ್‌ಟೀ ಸ್ಟುಡಿಯೋದಲ್ಲಿ ಎಂಬ ಮಾತು ರೂಢಿಯಲ್ಲಿದೆ. ಆಮೇಲೆ ಸ್ಟೆಫಾನ್ ಕುಡೆಲ್‌ಸ್ಕಿ ಎಂಬ ಪೋಲಿಷ್ ಮೂಲದ ಎಂಜಿನಿಯರ್ ಸ್ವಿಟ್ಜರ್ಲೆಂಡಿನಲ್ಲಿ ನಾಗ್ರಾ ಎಂಬ ಹೆಗಲಿಗೆ ಹಾಕಿಕೊಳ್ಳುವ ಟೇಪ್ ಯಂತ್ರ ಮಾಡಿದ. ಕ್ಯಾಮೆರಾದ ಓಟವನ್ನು ಸಣ್ಣ ವಿದ್ಯುತ್ ಮಿಡಿತವಾಗಿ ಟೇಪಿನಲ್ಲೇ ಬರೆದಿಡುವ ಉಪಾಯ ಬಂತು. ಇದರಿಂದ ಟೇಪು ಎಳೆದುಕೊಂಡರೂ, ಬ್ಯಾಟರಿ ಸೊರಗಿದರೂ ವೇಗ ತಪ್ಪುತ್ತಿರಲಿಲ್ಲ. 1960ರ ದಶಕದಲ್ಲಿ ಕ್ಯಾಮೆರಾದಲ್ಲೊಂದು, ಟೇಪಿನಲ್ಲೊಂದು ಸ್ಫಟಿಕದ ಗಡಿಯಾರ ಕೂತು ನಡುವಿನ ತಂತಿಯೂ ಹೋಯಿತು.

ಇಷ್ಟೆಲ್ಲ ಆದ ಮೇಲೂ ಒಂದು ಸಂಗತಿ ಬದಲಾಗಲಿಲ್ಲ. ಎರಡೂ ಯಂತ್ರಗಳು ಒಂದೇ ವೇಗದಲ್ಲಿ ಓಡುವಂತೆ ಮಾಡಬಹುದು. ಆದರೆ ಎಲ್ಲಿಂದ ಶುರು ಎಂಬುದನ್ನು ಯಾರಾದರೂ ಹೇಳಲೇಬೇಕು.

ಇನ್ನು ಆ ಎರಡು ರಾತ್ರಿಗಳು. ಅರೀಥಾಗೆ ಆಗ 29 ವರ್ಷ. ತಂದೆ ಸಿ.ಎಲ್. ಫ್ರಾಂಕ್ಲಿನ್ ಡೆಟ್ರಾಯಿಟಿನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ, ಅವರ ಪ್ರವಚನಗಳೇ ಧ್ವನಿಮುದ್ರಿಕೆಗಳಾಗಿ ಮಾರಾಟವಾಗುತ್ತಿದ್ದವು. ಚರ್ಚಿನಲ್ಲಿ ಹಾಡುತ್ತ ಬೆಳೆದ ಹುಡುಗಿ ಲೌಕಿಕ ಹಾಡುಗಳಿಂದ ಜಗತ್ಪ್ರಸಿದ್ಧಳಾಗಿದ್ದಳು. ಈಗ ಮತ್ತೆ ಭಕ್ತಿಗೀತೆಗಳ ಒಂದು ಆಲ್ಬಮ್, ಅದೂ ಸ್ಟುಡಿಯೋದಲ್ಲಲ್ಲ, ಜನರ ನಡುವೆ. ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿಯ ಜೆರ್ರಿ ವೆಕ್ಸ್ಲರ್ ಮತ್ತು ಆರಿಫ್ ಮಾರ್ಡಿನ್ ನಿರ್ಮಾಣದ ಹೊಣೆ ಹೊತ್ತರು. ಡ್ರಮ್ಸಿಗೆ ಬರ್ನಾರ್ಡ್ ಪರ್ಡಿ, ಬಾಸ್ ಗಿಟಾರಿಗೆ ಚಕ್ ರೈನಿ, ಗಿಟಾರಿಗೆ ಕಾರ್ನೆಲ್ ಡುಪ್ರೀ. ಹಿಂದೆ ಕ್ಲೀವ್‌ಲ್ಯಾಂಡರ ಸದರ್ನ್ ಕ್ಯಾಲಿಫೋರ್ನಿಯಾ ಕಮ್ಯೂನಿಟಿ ವೃಂದ, ಅದನ್ನು ನಡೆಸುತ್ತಿದ್ದವರು ಅಲೆಕ್ಸಾಂಡರ್ ಹ್ಯಾಮಿಲ್ಟನ್.

ಸಿನಿಮಾ ಮಾಡುವ ಯೋಚನೆಯ ಹಿಂದೆ 'ವುಡ್‌ಸ್ಟಾಕ್' ಇತ್ತು. 1969ರ ಆಗಸ್ಟಿನಲ್ಲಿ ನಡೆದ ಸಂಗೀತ ಜಾತ್ರೆಯನ್ನು ಮೈಕಲ್ ವಾಡ್ಲಿ ಚಿತ್ರೀಕರಿಸಿ, 1970ರ ಮಾರ್ಚಿನಲ್ಲಿ ವಾರ್ನರ್ ಬ್ರದರ್ಸ್ ಬಿಡುಗಡೆ ಮಾಡಿ, ಹಣವನ್ನೂ ಸಾಕ್ಷ್ಯಚಿತ್ರದ ಆಸ್ಕರನ್ನೂ ಬಾಚಿಕೊಂಡಿತ್ತು. ಅಟ್ಲಾಂಟಿಕ್ ಕೂಡ ಅದೇ ಮನೆತನದ ಕಂಪನಿ. ಮನೆಯ ಹಾಡುಗಾರ್ತಿ, ಮನೆಯ ಸಿನಿಮಾ. ವಾರ್ನರ್‌ನ ಸಿನಿಮಾ ಸಂಗೀತ ವಿಭಾಗದಲ್ಲಿದ್ದ ಜೋ ಬಾಯ್ಡ್ ಸಾಕ್ಷ್ಯಚಿತ್ರದ ಅನುಭವವಿದ್ದವರನ್ನು ಗೊತ್ತುಮಾಡಲು ಹೊರಟಿದ್ದರು. ಅಷ್ಟರಲ್ಲಿ ಮೇಲಿನವರಿಗೆ ದೊಡ್ಡ ಹೆಸರು ಬೇಕಾಯಿತು. 'ದೇ ಶೂಟ್ ಹಾರ್ಸಸ್, ಡೋಂಟ್ ದೇ?' ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದಿದ್ದ ಸಿಡ್ನಿ ಪೊಲಾಕ್ ಅರೀಥಾ ಹೆಸರು ಕೇಳಿದ್ದೇ ಒಪ್ಪಿದರು.

ಪೊಲಾಕ್ ಒಳ್ಳೆಯ ನಿರ್ದೇಶಕ, ಅದರಲ್ಲಿ ಅನುಮಾನವಿಲ್ಲ. ಆದರೆ ಕಥಾಚಿತ್ರದ ಸೆಟ್ಟಿನಲ್ಲಿ ಕ್ಲ್ಯಾಪ್ ಬೀಳುವುದು ನಿರ್ದೇಶಕ ಹೇಳಿದ್ದಕ್ಕಲ್ಲ. ಅದಕ್ಕೊಬ್ಬ ಹುಡುಗ ಇರುತ್ತಾನೆ, ಒಂದು ಸರಪಳಿಯ ಕ್ರಮ ಇರುತ್ತದೆ. ಧ್ವನಿಯವನು ಸಿದ್ಧ ಎನ್ನುತ್ತಾನೆ, ಕ್ಯಾಮೆರಾ ಓಡುತ್ತದೆ, ಹಲಗೆ ಬಡಿಯುತ್ತದೆ, ಆಮೇಲೆ ಆಕ್ಷನ್. ನಿರ್ದೇಶಕನಿಗೆ ಅದು ಕಿವಿಗೆ ಬೀಳುತ್ತದೆ, ಮನಸ್ಸಿಗಲ್ಲ. ಆರಾಧನೆ ನಡೆಯುವ ಚರ್ಚಿನಲ್ಲಿ ಆ ಸರಪಳಿಯೇ ಇಲ್ಲ. ಧ್ವನಿಯವರು ಹೊರಗಿನ ಟ್ರಕ್ಕಿನಲ್ಲಿ, ರೆಕಾರ್ಡ್ ಕಂಪನಿಯ ಲೆಕ್ಕದಲ್ಲಿ. ಕ್ಯಾಮೆರಾದವರು ಒಳಗೆ, ಸ್ಟುಡಿಯೋ ಲೆಕ್ಕದಲ್ಲಿ. ಅಮ್ಮನೊಬ್ಬಳು ಕಣ್ಣುಮುಚ್ಚಿ ಕೈಯೆತ್ತಿ ನಿಂತಿರುವಾಗ ಅವಳ ಮುಖದ ಮುಂದೆ ಹಲಗೆ ಬಡಿಯಲು ಯಾರಿಗೂ ಮನಸ್ಸು ಬಾರದು ಎಂಬುದೂ ನಿಜ. ಅದಕ್ಕೆ ಸಾಕ್ಷ್ಯಚಿತ್ರದವರು ಆಗಲೇ ದಾರಿ ಕಂಡುಕೊಂಡಿದ್ದರು. ಎಲ್ಲ ಕ್ಯಾಮೆರಾಗಳೂ ಆಗಾಗ ಒಂದೇ ಗುರುತಿನ ಕಡೆ ತಿರುಗುವುದು, ಪುಟ್ಟ ದೀಪವೊಂದು ಮಿನುಗಿದ ಕ್ಷಣಕ್ಕೇ ಟೇಪಿನಲ್ಲೊಂದು ಕುಂಯ್ ಸದ್ದು ಬೀಳಿಸುವುದು, ಕೊನೆಗೆ ಮೈಕಿನ ಮೇಲೆ ಬೆರಳಿನಿಂದ ತಟ್ಟುವುದು. ಆ ಎರಡು ರಾತ್ರಿ ಇದ್ಯಾವುದೂ ಆಗಲಿಲ್ಲ.

ಆದರೆ ಏನೆಲ್ಲ ಆಯಿತು! ಮೊದಲ ರಾತ್ರಿ ಅರೀಥಾ 'ಅಮೇಜಿಂಗ್ ಗ್ರೇಸ್' ಹಾಡಿದರು. ಆಲ್ಬಮಿನಲ್ಲಿ ಆ ಒಂದು ಹಾಡೇ ಹತ್ತು ಮುಕ್ಕಾಲು ನಿಮಿಷ. ಪದಗಳು ಬೆರಳೆಣಿಕೆಯಷ್ಟು, ಒಂದೊಂದು ಅಕ್ಷರವನ್ನೂ ಆಕೆ ಆಲಾಪದಂತೆ ಬೆಳೆಸುತ್ತ ಹೋದರು. ಪಿಯಾನೋ ಮುಂದಿದ್ದ ಕ್ಲೀವ್‌ಲ್ಯಾಂಡ್ ತಡೆಯಲಾರದೆ ಎದ್ದು ಹೋಗಿ ಮುಖ ಮುಚ್ಚಿಕೊಂಡು ಅತ್ತರು. ಎರಡನೆಯ ರಾತ್ರಿ ಸುದ್ದಿ ಹಬ್ಬಿ ಚರ್ಚು ತುಂಬಿತು. ಅದೇ ದಿನಗಳಲ್ಲಿ ಲಾಸ್ ಏಂಜಲೀಸಿನಲ್ಲಿ ತಮ್ಮ ಆಲ್ಬಮಿನ ಕೆಲಸದಲ್ಲಿದ್ದ ರಾಕ್ ಸಂಗೀತಗಾರರಾದ ಮಿಕ್ ಜಾಗರ್ ಮತ್ತು ಚಾರ್ಲಿ ವಾಟ್ಸ್ ಹಿಂದಿನ ಸಾಲಿನಲ್ಲಿ ಕಾಣಿಸಿಕೊಂಡರು. ಮುಂದಿನ ಸಾಲಿನಲ್ಲಿ ಅರೀಥಾ ಗುರುವಿನಂತೆ ಕಂಡ ಗಾಯಕಿ ಕ್ಲಾರಾ ವಾರ್ಡ್. ತಂದೆ ಎದ್ದು ನಿಂತು ಮಾತಾಡಿದರು. ಮಗಳು ಚರ್ಚಿಗೆ ಯಾವಾಗ ಮರಳುತ್ತಾಳೆ ಎಂದು ಕೇಳಿದವರೊಬ್ಬರಿಗೆ, ಅವಳು ಚರ್ಚನ್ನು ಬಿಟ್ಟೇ ಇಲ್ಲ ಎಂದು ತಾವು ಹೇಳಿದ್ದನ್ನು ನೆನೆದರು. ಆಮೇಲೆ ಮಗಳು ಪಿಯಾನೋ ನುಡಿಸುತ್ತ ಹಾಡುವಾಗ ಎದ್ದು ಬಂದು, ಬೆವರಿಳಿಯುತ್ತಿದ್ದ ಅವಳ ಮುಖವನ್ನು ಬಟ್ಟೆಯಿಂದ ಒರೆಸಿದರು.

ಸಂಕಲನದ ಕೋಣೆಗೆ ಬಂದಾಗ ಲೆಕ್ಕ ಹೀಗಿತ್ತು. 16 ಮಿ.ಮೀ. ಫಿಲ್ಮಿನ ಒಂದಡಿಯಲ್ಲಿ 40 ಚೌಕಟ್ಟು, 400 ಅಡಿಯ ಸುರುಳಿ ಹನ್ನೊಂದು ನಿಮಿಷದಲ್ಲಿ ಖಾಲಿ. 20 ಗಂಟೆ ಎಂದರೆ ಹದಿನೇಳು ಲಕ್ಷಕ್ಕೂ ಮೀರಿದ ಚೌಕಟ್ಟುಗಳು. ಒಂದು ಸುರುಳಿಯೊಳಗೇ ಕ್ಯಾಮೆರಾ ಎಷ್ಟೋ ಸಲ ನಿಂತು ಶುರುವಾಗಿದೆ. ಪ್ರತಿ ನಿಲುಗಡೆಯೂ ಒಂದು ಹೊಸ ಒಗಟು. ಫಿಲ್ಮಿನಲ್ಲಿ ಧ್ವನಿಯ ಎಳೆಯೇ ಇಲ್ಲ, ನೂರಾರು ಮೂಕ ತುಂಡುಗಳು. ಇನ್ನೊಂದು ಕಡೆ ಎಡೆಬಿಡದೆ ಓಡಿದ ಟೇಪು. ಇದು ಯಾವ ಹಾಡು, ಯಾವ ರಾತ್ರಿ, ಯಾವ ಚರಣ, ಚರಣದ ಎಷ್ಟನೇ ಆವರ್ತನೆ ಎಂದು ತುಂಡು ತುಂಡಿಗೂ ಕಂಡುಹಿಡಿಯಬೇಕು.

ಆವರ್ತನೆ ಎಂದೆನಲ್ಲ, ಗಾಸ್ಪೆಲ್ ಎಂಬ ಈ ಚರ್ಚು ಸಂಗೀತದ ಜೀವವೇ ಅದು. ಗಾಯಕಿ ಒಂದು ಸಾಲು ಎಸೆಯುತ್ತಾಳೆ, ವೃಂದ ಎತ್ತಿಕೊಳ್ಳುತ್ತದೆ, ಅದೇ ಸಾಲು ಎಂಟು ಸಲ, ಹತ್ತು ಸಲ, ಪ್ರತಿ ಸಲ ಕಾವು ಏರುತ್ತ ಹೋಗುತ್ತದೆ. ನಮ್ಮ ಭಜನೆಯಲ್ಲೂ ಹಾಗೇ ತಾನೆ? ಮೂಕಚಿತ್ರದಲ್ಲಿ ಭಜನೆ ನೋಡಿ ಇದು ಎಷ್ಟನೇ ಸುತ್ತು ಎಂದು ಹೇಳಿ ನೋಡೋಣ. ತುಟಿ ನೋಡಿ ಕೂಡಿಸುವವರು ಸಾಮಾನ್ಯವಾಗಿ ಹುಡುಕುವುದು ಪ, ಬ, ಮ ಅಕ್ಷರಗಳನ್ನು. ತುಟಿ ಮುಚ್ಚದೆ ಅವು ಹುಟ್ಟುವುದಿಲ್ಲ, ಆದ್ದರಿಂದ ಮುಚ್ಚಿದ ತುಟಿ ತೆರೆದ ಚೌಕಟ್ಟೇ ಒಂದು ಪುಟ್ಟ ಕ್ಲ್ಯಾಪ್. ಮಾತಿನಲ್ಲಿ ಇವು ಹೆಜ್ಜೆಗೊಂದು ಸಿಗುತ್ತವೆ, ತಂದೆಯ ಭಾಷಣವನ್ನು ಹಾಗೆ ಹಿಡಿಯಬಹುದು. ಆದರೆ ಒಂದು ಸ್ವರಾಕ್ಷರದ ಮೇಲೆ ಅರ್ಧ ನಿಮಿಷ ನಿಲ್ಲುವ ಹಾಡುಗಾರ್ತಿಯ ತೆರೆದ ಬಾಯಿಯಲ್ಲಿ ಹಿಡಿಯಲು ಏನಿದೆ? ಜೊತೆಗೆ ಬಾಯಿಗೆ ಅಡ್ಡ ಮೈಕು. ಬಿಡುಗಡೆಗೆ ಸಿದ್ಧವಾಗುತ್ತಿದ್ದ ಆಲ್ಬಮಿನಿಂದಲೂ ಸಹಾಯವಿಲ್ಲ, ಅದರಲ್ಲಿ ಎರಡೂ ರಾತ್ರಿಗಳಿಂದ ಆಯ್ದು ಹಾಡುಗಳ ಕ್ರಮ ಬದಲಿಸಿದ್ದರು.

ತುಟಿ ಓದುವವರನ್ನು ಕರೆಸಿದರು. ವೃಂದದ ನಿರ್ದೇಶಕರನ್ನೇ ಕೂರಿಸಿಕೊಂಡು ತೋರಿಸಿದರು. ಆ ಕೈಸನ್ನೆ ಯಾವ ಸಾಲಿನದು ಎಂದು ಅದನ್ನು ಮಾಡಿದವರಿಗಿಂತ ಚೆನ್ನಾಗಿ ಯಾರು ಹೇಳಿಯಾರು? ತಿಂಗಳುಗಟ್ಟಲೆ ಕೂತರೂ ಕೂಡಿದ್ದು ಚೂರುಪಾರು. ಅಂದಿನ ಮೇಜಿನ ಮೇಲೆ ಒಂದು ಊಹೆಯನ್ನು ಪರೀಕ್ಷಿಸುವುದೆಂದರೆ ಫಿಲ್ಮನ್ನು ಬಿಚ್ಚಿ, ಸರಿಸಿ, ಮತ್ತೆ ಹಾಕಿ, ತಿರುಗಿಸಿ ನೋಡಬೇಕು. ಊಹೆ ತಪ್ಪಿದರೆ ಮತ್ತೆ ಮೊದಲಿಂದ.

ವಾರ್ನರ್ ಈ ಚಿತ್ರವನ್ನು 'ಸೂಪರ್ ಫ್ಲೈ' ಎಂಬ ಅಪರಾಧ ಚಿತ್ರದ ಜೊತೆ ಒಂದೇ ಟಿಕೆಟ್ಟಿಗೆ ತೋರಿಸುವ ಯೋಚನೆಯಲ್ಲಿತ್ತು. ಕೊಕೇನ್ ಮಾರುವವನ ಕಥೆಯ ಪಕ್ಕ ಚರ್ಚಿನ ಹಾಡು! ಅದನ್ನು ಕೇಳಿದಾಗಲೇ ಸ್ಟುಡಿಯೋಗೆ ಈ ಚಿತ್ರದ ಬೆಲೆ ಎಷ್ಟು ತಿಳಿದಿತ್ತು ಎಂದು ಅಂದಾಜಾಗುತ್ತದೆ. ಜೂನ್ 1ರಂದು ಆಲ್ಬಮ್ ಹೊರಬಂತು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಗ್ರ್ಯಾಮಿ ಗೆದ್ದಿತು, ಅರೀಥಾ ಬದುಕಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಆಯಿತು. 'ಸೂಪರ್ ಫ್ಲೈ' ತಾನೊಂದೇ ಬಂದು ಗೆದ್ದಿತು. ಪೊಲಾಕ್ ಮುಂದಿನ ಚಿತ್ರಕ್ಕೆ ಹೋದರು. ಡಬ್ಬಗಳು ಗೋದಾಮಿಗೆ ಹೋದವು.

ಇಲ್ಲಿ ನನ್ನ ತಕರಾರಿದೆ. 'ವುಡ್‌ಸ್ಟಾಕ್' ಚಿತ್ರದ್ದು ನೂರು ಗಂಟೆ ಮೀರಿದ ಸಾಮಗ್ರಿ. ಮಳೆ, ಕೆಸರು, ಲಕ್ಷಾಂತರ ಜನರ ನಡುವೆ ತೆಗೆದದ್ದು. ಥೆಲ್ಮಾ ಸ್ಕೂನ್‌ಮೇಕರ್ ಮತ್ತು ಸಂಗಡಿಗರ ದೊಡ್ಡ ಪಡೆ ಹಗಲಿರುಳು ಕೂತು ಅದನ್ನು ಎಂಟು ತಿಂಗಳಿಗೂ ಮೊದಲೇ ತೆರೆಗೆ ತಂದಿತು. ಹಣ ಬರುತ್ತದೆ ಎಂದು ಗೊತ್ತಿದ್ದರೆ ಸ್ಟುಡಿಯೋ ಎಷ್ಟು ಜನರನ್ನಾದರೂ ಕೂರಿಸುತ್ತದೆ. ಅರೀಥಾ ಚಿತ್ರದ ಒಗಟು ಅದಕ್ಕಿಂತ ಕಠಿಣವಿತ್ತು, ಒಪ್ಪೋಣ. ಆದರೆ ಬಿಡಿಸಲಾಗದ ಒಗಟಾಗಿರಲಿಲ್ಲ. ಬಿಡಿಸುವಷ್ಟು ಬೆಲೆಯದು ಎಂದು ಯಾರಿಗೂ ಅನ್ನಿಸಲಿಲ್ಲ. ಕ್ಲ್ಯಾಪ್ ಮರೆತದ್ದು ಎರಡು ರಾತ್ರಿಯ ಅಜಾಗರೂಕತೆ. ಆಮೇಲಿನ ಮೂವತ್ತೈದು ವರ್ಷ ಬೇರೆ ಬಗೆಯದು.

ಅಟ್ಲಾಂಟಿಕ್ ಕಂಪನಿಯಲ್ಲಿ ಕೆಲಸಕ್ಕಿದ್ದ ಅಲನ್ ಎಲಿಯಟ್ ಎಂಬ ಸಂಗೀತ ನಿರ್ಮಾಪಕನಿಗೆ ಈ ಡಬ್ಬಗಳ ಸುದ್ದಿ ಹೇಳಿದವರು ವೆಕ್ಸ್ಲರ್. ಎಲಿಯಟ್ ಅದರ ಬೆನ್ನು ಬಿದ್ದ. 2007ರ ಹೊತ್ತಿಗೆ ಮನೆ ಅಡವಿಟ್ಟು ಆ ಸಾಮಗ್ರಿಯನ್ನು ಕೊಂಡ. ಕ್ಯಾನ್ಸರಿನಿಂದ ಬಳಲುತ್ತಿದ್ದ ಪೊಲಾಕ್ ಚಿತ್ರವನ್ನು ಮುಗಿಸುವ ಕೆಲಸವನ್ನು ಅವನಿಗೊಪ್ಪಿಸಿದರು, 2008ರ ಮೇನಲ್ಲಿ ತೀರಿಕೊಂಡರು.

ಈಗಿನ ಕಂಪ್ಯೂಟರ್ ಬಂದು ಎಲ್ಲವನ್ನೂ ಒಂದು ಗುಂಡಿ ಒತ್ತಿ ಕೂಡಿಸಿಬಿಟ್ಟಿತು ಎಂದು ಬರೆಯುವವರಿದ್ದಾರೆ. ಆ ಗುಂಡಿ ಇರುವುದು ನಿಜ. ಇಂದಿನ ಕ್ಯಾಮೆರಾಗಳು ತಮ್ಮ ಪುಟ್ಟ ಮೈಕಿನಿಂದ ಒರಟು ಧ್ವನಿಯೊಂದನ್ನು ಹಿಡಿದಿರುತ್ತವೆ, ಅದರ ಅಲೆಯ ಆಕಾರವನ್ನು ಒಳ್ಳೆಯ ಧ್ವನಿಯ ಅಲೆಗೆ ಹೋಲಿಸಿ ತಂತ್ರಾಂಶ ಕ್ಷಣಾರ್ಧದಲ್ಲಿ ಜಾಗ ಹೇಳುತ್ತದೆ. ಮದುವೆ ವಿಡಿಯೋ ಮಾಡುವ ಹುಡುಗರೂ ಹಾಗೆ ಮಾಡುತ್ತಾರೆ. ಆದರೆ 1972ರ ಫಿಲ್ಮು ಪೂರ್ತಿ ಮೂಕ. ಹೋಲಿಸಲು ಅಲೆಯೇ ಇಲ್ಲ. ಕೂಡಿಸುವ ಕಣ್ಣು ಈಗಲೂ ಮನುಷ್ಯನದೇ ಆಗಬೇಕಿತ್ತು. ಪರ್ಡಿಯ ಕೋಲು ತಟ್ಟೆಗೆ ತಾಗಿದ ಚೌಕಟ್ಟು, ವೃಂದದ ಚಪ್ಪಾಳೆಯ ಚೌಕಟ್ಟು, ಮುಚ್ಚಿ ತೆರೆದ ತುಟಿಯ ಚೌಕಟ್ಟು. ಕಂಪ್ಯೂಟರ್ ಕೊಟ್ಟದ್ದು ತಪ್ಪುವ ಸ್ವಾತಂತ್ರ್ಯ. ಊಹೆ ತಪ್ಪಿದರೆ ಒಂದು ಚೌಕಟ್ಟು ಸರಿಸಿ ಮತ್ತೆ ನೋಡು, ಫಿಲ್ಮು ಸವೆಯುವುದಿಲ್ಲ, ಮೇಜು ಬಿಚ್ಚಬೇಕಿಲ್ಲ. ಒಂದು ಕ್ಯಾಮೆರಾದ ತುಂಡು ಗಟ್ಟಿಯಾಗಿ ಕೂತರೆ ಅದರ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ಎರಡರಲ್ಲೂ ಕಾಣುವ ಒಂದೇ ಕೈ, ಒಂದೇ ತಲೆಯ ಆಟ ಹೋಲಿಸಬಹುದು. ಮರ್ಚ್ ಪಿಟೀಲಿನ ಕಮಾನಿನಲ್ಲಿ ಮಾಡಿದ್ದನ್ನೇ ಇಲ್ಲಿ ನೂರಾರು ತುಂಡುಗಳಿಗೆ ಮಾಡುವ ಕೆಲಸ. ಅದು ಮುಗಿಯಿತು.

ಮುಗಿದ ಮೇಲೆ ಅಸಲಿ ತೊಡಕು ಎದ್ದಿತು. 2011ರಲ್ಲಿ ಅರೀಥಾ ಎಲಿಯಟ್ ಮೇಲೆ ದಾವೆ ಹೂಡಿದರು. ತನ್ನ ಒಪ್ಪಿಗೆಯಿಲ್ಲದೆ ತನ್ನ ಮುಖವನ್ನೂ ಹಾಡನ್ನೂ ತೋರಿಸುವಂತಿಲ್ಲ ಎಂಬುದು ವಾದ. 2015ರ ಸೆಪ್ಟೆಂಬರಿನಲ್ಲಿ ಕೊಲರಾಡೋದ ಟೆಲ್ಯುರೈಡ್ ಚಿತ್ರೋತ್ಸವದಲ್ಲಿ ಪ್ರದರ್ಶನಕ್ಕೆ ಎಲ್ಲ ಸಿದ್ಧವಾಗಿತ್ತು. ಆ ದಿನವೇ ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಟೊರಾಂಟೊ ಚಿತ್ರೋತ್ಸವದ ಪ್ರದರ್ಶನವೂ ರದ್ದಾಯಿತು. ಚಿತ್ರದ ಬಗ್ಗೆ ಆಕೆಗೆ ಸಿಟ್ಟಿರಲಿಲ್ಲ, ತನಗದು ಇಷ್ಟವೆಂದೇ ಪತ್ರಿಕೆಯವರಿಗೆ ಹೇಳಿದ್ದರು. ಹಾಗಿದ್ದರೆ ಯಾಕೆ? ಹಣದ ಮಾತು ಎಂದವರಿದ್ದಾರೆ, ಹಳೆಯ ನೋವು ಎಂದವರಿದ್ದಾರೆ. ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಕಪ್ಪು ಜನರ ಹಾಡಿನಿಂದ ಬೇರೆಯವರು ದುಡ್ಡು ಮಾಡಿಕೊಂಡದ್ದನ್ನು ಕಂಡೇ ಬೆಳೆದ ಗಾಯಕಿ ಆಕೆ. ಕಛೇರಿಯ ಹಣ ಮೊದಲೇ ಕೈಗೆ ಬರದಿದ್ದರೆ ವೇದಿಕೆ ಹತ್ತುವುದಿಲ್ಲ ಎಂಬುದಕ್ಕೇ ಹೆಸರಾಗಿದ್ದವರು. 1972ರಲ್ಲಿ ಆಕೆಯನ್ನು ಮರೆತ ಜನ 2011ರಲ್ಲಿ ಬಂದು, ಕೂಡಿಸಿದ್ದೇವೆ ನೋಡಿ ಎಂದರೆ ಆಕೆ ಕೈ ಮುಗಿಯಬೇಕಿತ್ತೇ?

2018ರ ಆಗಸ್ಟ್ 16ರಂದು ಅರೀಥಾ ತೀರಿಕೊಂಡರು. ಆಸ್ತಿಯ ಹೊಣೆ ಹೊತ್ತಿದ್ದ ಸೋದರಿಯ ಮಗಳಿಗೆ ಎಲಿಯಟ್ ಚಿತ್ರ ತೋರಿಸಿದ. ಕುಟುಂಬ ಒಪ್ಪಿತು. ಮೂರು ತಿಂಗಳೊಳಗೆ, ನವೆಂಬರ್ 12ರಂದು, ನ್ಯೂಯಾರ್ಕಿನ ಸಾಕ್ಷ್ಯಚಿತ್ರೋತ್ಸವದಲ್ಲಿ 'ಅಮೇಜಿಂಗ್ ಗ್ರೇಸ್' ಮೊದಲ ಪ್ರದರ್ಶನ ಕಂಡಿತು. 20 ಗಂಟೆಯಿಂದ ಉಳಿಸಿಕೊಂಡದ್ದು ಒಂದೂವರೆ ಗಂಟೆಗೆ ತುಸು ಕಡಿಮೆ. ಮರುವರ್ಷ ಚಿತ್ರಮಂದಿರಗಳಿಗೆ ಬಂತು. ಕ್ಯಾಮೆರಾದವರು ಒಬ್ಬರ ಚೌಕಟ್ಟಿನೊಳಗೆ ಇನ್ನೊಬ್ಬರು ನುಗ್ಗುವುದು, ಫೋಕಸ್ ತಪ್ಪಿ ಮತ್ತೆ ಸಿಗುವುದು, ಪೊಲಾಕ್ ಕೈ ಬೀಸುತ್ತ ಓಡುವುದು ಎಲ್ಲವೂ ಅದರಲ್ಲಿದೆ, ಸಂಕಲನದಲ್ಲಿ ತೆಗೆದುಹಾಕಿಲ್ಲ. ಆ ಹೊತ್ತಿಗೆ ಕ್ಲಾರಾ ವಾರ್ಡ್ ಇಲ್ಲವಾಗಿ 45 ವರ್ಷ ದಾಟಿತ್ತು. ಸಿ.ಎಲ್. ಫ್ರಾಂಕ್ಲಿನ್ 1984ರಲ್ಲಿ, ಕ್ಲೀವ್‌ಲ್ಯಾಂಡ್ 1991ರಲ್ಲಿ, ವೆಕ್ಸ್ಲರ್ 2008ರಲ್ಲಿ, ಡುಪ್ರೀ 2011ರಲ್ಲಿ ಹೋಗಿದ್ದರು. ಡ್ರಮ್ಸಿನ ಪರ್ಡಿ, ಬಾಸಿನ ರೈನಿ ಇನ್ನೂ ಇದ್ದರು, ಇಬ್ಬರಿಗೂ ಎಂಬತ್ತರ ಹತ್ತಿರ.